ಇಬ್ಬರೇ ಕೂರುವ ಕಾರು

ಪೇಟೆ ಕಡೆಯ ಕೆಂಪು ಕಾರೊಂದು ತಿರುಮಣಿಯ ಕೆಂಚಮ್ಮನ ಮನೆ ಮುಂದಿನ ಹಂಪ್ ಮೇಲೆ ಹೊಟ್ಟೆ ಊರಿ ಸಿಕ್ಕಿಕೊಂಡ ದಿನವೇ ಅವಳು ಸ್ಪೋರ್ಟ್ಸ್ ಕಾರು ಎಂಬ ಹೆಸರನ್ನು ಮೊದಲು ಕೇಳಿದ್ದು. ಸೋಲಾರ್ ಪಾರ್ಕಿನ ಹೊಸ ರಸ್ತೆಗಳು ನುಣ್ಣಗಿವೆಯೆಂದು ಜನ ಭಾನುವಾರಗಳಲ್ಲಿ ಕಾರು ಓಡಿಸಲು ಬರುತ್ತಿದ್ದ ಕಾಲ. ಕೋಳಿಮರಿಗಳು ಚಕ್ರಕ್ಕೆ ಸಿಗುತ್ತವೆಂದು ಊರವರೇ ಕಲ್ಲುಮಣ್ಣು ಹಾಕಿ ಎಬ್ಬಿಸಿದ ಹಂಪ್ ಅದು.

ಕೆಂಚಮ್ಮನ ಮೈದುನ ಓಬಳೇಶ ಬಸ್ ಡ್ರೈವರು. ಎರಡು ಹಲಗೆ ಹಾಸಿ, ಓರೆಯಾಗಿ ಕಾರನ್ನು ದಾಟಿಸಿಕೊಟ್ಟ. ಕಾರಿನವನು ಖುಷಿಯಾಗಿ, "ಒಂದು ಸುತ್ತು ಹೊಡೆದು ಬನ್ನಿ ಅಣ್ಣ" ಎಂದ. ಓಬಳೇಶ ಹೋಗಿ ಬಂದವನು ಕಾರಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

"ಏನ್ಲಾ ಅದು, ನೆಲಕ್ಕೆ ಅಂಟ್ಕೊಂಡಂಗೈತೆ?" ಎಂದಳು ಕೆಂಚಮ್ಮ.

"ಸ್ಪೋರ್ಟ್ಸ್ ಕಾರು ಕಣತ್ಗೆ. ಭಾರಿ ಸಾವ್ಕಾರ್ರದಲ್ಲ ಇದು. ಇತ್ಲಾಗೆ ಮಂದಿ ತುಂಬ್ಕೊಂಡ್ ಓಡಾಡೋ ಕಾರು, ಅತ್ಲಾಗೆ ಮುಟ್ಟಿದ್ರೆ ಬೈಸ್ಕೊಳ್ಳೋ ಕಾರು. ಇದು ಎರಡ್ರ ಮಧ್ಯದ ಸಂದಿಗೆ ಹುಟ್ಟಿದ್ದು."

"ಅಂಗಂದ್ರೆ, ದಿನಾ ಉಡೋ ಸೀರೆನೂ ಅಲ್ಲ, ಧಾರೆ ಸೀರೆನೂ ಅಲ್ಲ. ನೆಂಟ್ರ ಮನೇಗ್ ಹೋಗೋವಾಗ ಟ್ರಂಕಿಂದ ತೆಗೀತೀವಲ್ಲ, ಅದು."

"ಅದೇ ಕಣತ್ಗೆ!"

ಅವಳು ಮದುವೆಯಾಗಿ ಬಂದಾಗ ಓಬಳೇಶ ತಾಯಿಯಿಲ್ಲದ ಮಗು. ಅವಳ ಕೈತುತ್ತು ತಿಂದೇ ಬೆಳೆದ. ಆಮೇಲೆ ಆಯಸ್ಸೆಲ್ಲಾ ತಾಲ್ಲೂಕಿನೊಳಗಿನ ಪಾವಗಡ–ಹೊಸಕೋಟೆ ಬಸ್ಸಿನಲ್ಲೇ ಸವೆಸಿದ. ಟಾಪಿನ ಮೇಲೆ ಕಡಲೆಕಾಯಿ ಮೂಟೆ, ಒಳಗೆ ಮೇಕೆ, ಮದುವೆ ದಿಬ್ಬಣ. ಎಲ್ಲರ ಹರಟೆಯೂ ಕಂಡಕ್ಟರನ ಜೊತೆಗೆ. ಓಬಳೇಶನ ಬೆನ್ನ ಹಿಂದೆ ಮಾತ್ರ ಚಾಲಕರೊಂದಿಗೆ ಮಾತನಾಡಬೇಡಿ ಎಂಬ ಬರಹ.

ಸೋಲಾರಿಗೆ ಕೊಟ್ಟ ಜಮೀನಿನ ಗುತ್ತಿಗೆ ಹಣ ಕೈಸೇರಿ, ಓಬಳೇಶ ಬಸ್ಸಿನ ಕೆಲಸದಿಂದ ನಿವೃತ್ತನಾದ ವರ್ಷ ಮನೆಗೊಂದು ಕಾರು ತರುವ ಮಾತು ಬಂತು. ಅವನ ಮಗ ತಿಮ್ಮರಾಜು ಏಳು ಜನ ಕೂರುವುದು ಬೇಕೆಂದ. ಓಬಳೇಶ ಮಾತ್ರ ಯಾರೋ ಓಡಿಸಿ ಮಾರಲಿಟ್ಟಿದ್ದ, ಅಂಥದ್ದೇ ಇಬ್ಬರೇ ಕೂರುವ ಕೆಂಪು ಕಾರೊಂದನ್ನು ನೋಡಿಟ್ಟು ಬಂದಿದ್ದ.

"ನಾನ್ ಕೂತ್ರೆ ಮಗ ಎಲ್ಲೋಗ್ಬೇಕು?" ಹೆಂಡತಿ ಲಕ್ಷ್ಮೀದೇವಿ ರೇಗಿಬಿದ್ದಳು. "ಹೊಸ ಗಾಡೀಲಿ ಮನೆಮಂದಿಯೆಲ್ಲಾ ಮನೆದೇವ್ರಿಗೆ ಹೋಗ್ಬರ್ಬೇಡ್ವಾ? ಹೋಗ್ದಿದ್ರೆ ಅದು ನಮ್ಮನೆ ಗಾಡಿ ಹೆಂಗಾಯ್ತದೆ?"

ಜಮೀನು ಜಂಟಿ. ಮನೆಗೆ ಹಿರಿಯಳಾದ ಕೆಂಚಮ್ಮನ ಮಾತೇ ಕೊನೆ. ಎಲ್ಲರೂ ಅವಳ ಮುಖ ನೋಡಿದರು. ಓಬಳೇಶ ನೆಲ ನೋಡುತ್ತಿದ್ದ.

"ಊರ್ನೆಲ್ಲಾ ಹೊತ್ತು ತಿರುಗಿದ್ದಾನೆ. ಇದೊಂದು ಅವನಿಗಿರ್ಲಿ ಬುಡ್ರಮ್ಮ" ಎಂದಳು.

ಕಾರು ಬಂತು. ಮನೆದೇವರ ಗುಡಿಗೆ ಓಬಳೇಶ ಒಬ್ಬೊಬ್ಬರನ್ನೇ ಕರೆದುಕೊಂಡು ಹೋಗಿ ಬರತೊಡಗಿದ. ಮುಖ ಊದಿಸಿಕೊಂಡು ಹೋದ ಲಕ್ಷ್ಮೀದೇವಿ ತಲೆಯೆಲ್ಲಾ ಕೆದರಿಕೊಂಡು ನಗುತ್ತಾ ಇಳಿದಳು. ಅಪ್ಪನ ಹತ್ತಿರ ಎರಡು ಮಾತು ಹೆಚ್ಚು ಆಡದ ತಿಮ್ಮರಾಜು ಬಂದವನೇ ಬಟ್ಟೆ ಹುಡುಕಿ ಗಾಜು ಒರೆಸಿದ. ದಾರಿಯಲ್ಲಿ ಏನು ಮಾತಾಯಿತೆಂದು ಯಾರೂ ಬಾಯಿಬಿಡಲಿಲ್ಲ. ಗುಡಿಯಲ್ಲಿ ಪೂಜಾರಿಗೆ ಸಾಕಾಗಿತ್ತು. "ಇಂಕಾ ಎಂತಮಂದಿ ಉನ್ನಾರಯ್ಯಾ?" ಎಂದು ತೆಲುಗಿನಲ್ಲಿ ಗೊಣಗಿದನಂತೆ. "ಇನ್ನೊಬ್ರೇ ಸ್ವಾಮಿ, ದೀಪ ಆರಿಸ್ಬೇಡಿ" ಎಂದು ಓಬಳೇಶ ಓಡಿ ಬಂದ.

ಆ ಒಬ್ಬರು ಕೆಂಚಮ್ಮ. "ಹೊಸ ಗಾಡಿಗೆ ಗಂಡ ಇಲ್ದೋಳು ಯಾಕಪ್ಪಾ?" ಎಂದು ಬಾಗಿಲ ಹಿಂದೆ ಸರಿದಳು.

"ನೀನ್ ಬರ್ದಿದ್ರೆ ಇದು ಇಲ್ಲೇ ನಿಲ್ತದೆ. ಬಾ. ಕಾಲ್ ಮೊದ್ಲಿಡ್ಬ್ಯಾಡ, ಕುಂಡೆ ಇಟ್ಟು ಆಮ್ಯಾಕೆ ಕಾಲೆತ್ಕೋ."

ದಾರಿಯುದ್ದಕ್ಕೂ ಅವನು ತನ್ನಣ್ಣನ ಮಾತೇ ಆಡಿದ. ತಾನು ಕಲಿಯುತ್ತಿದ್ದ ಬಾಡಿಗೆ ಸೈಕಲ್ ಹಿಂದೆ ಅಣ್ಣ ಓಡೋಡಿ ಬಂದದ್ದು, ತಾನು ಕೆರೆ ಏರಿಯಿಂದ ಉರುಳಿ ಬಿದ್ದದ್ದು, ಅತ್ತಿಗೆ ಬೈತಾಳೆಂದು ಇಬ್ಬರೂ ಮುಚ್ಚಿಟ್ಟದ್ದು. ಅಷ್ಟು ವರ್ಷ ಬಾಳಿದ ಗಂಡನ ಆ ಸುದ್ದಿ ಕೆಂಚಮ್ಮನಿಗೆ ಗೊತ್ತೇ ಇರಲಿಲ್ಲ. ಅವಳು ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಹೋದ ವರ್ಷ ಓಬಳೇಶನ ಎಡಗೈ ಎಡಗಾಲು ಸ್ವಾಧೀನ ತಪ್ಪಿದವು. ಕಾರು ನಿಂತಲ್ಲೇ ಧೂಳು ಹಿಡಿಯಿತು. ಯಾರೋ ಕೊಳ್ಳುವವರು ಬರುತ್ತಾರೆಂದು ತಿಮ್ಮರಾಜು ಅಳುಕುತ್ತಲೇ ಹೇಳಿದ ಬೆಳಿಗ್ಗೆ, ಓಬಳೇಶ ಅತ್ತಿಗೆಯನ್ನು ಮಂಚದ ಹತ್ತಿರ ಕರೆಸಿಕೊಂಡ. ನಾಲಿಗೆ ತೊದಲುತ್ತಿತ್ತು.

"ಮಾರ್ಲಿ ಬುಡತ್ಗೆ, ಹುಡ್ಗುನ್ನ ತಡೀಬ್ಯಾಡ. ತಗೊಳ್ಳೋನ ಪಕ್ಕ ಕೂತು ನೀನೊಂದ್ಸಲ ಹೊಸಕೋಟೆಗಂಟ ಹೋಗ್ಬಾ. ರಸ್ತೆ ನೋಡ್ಬ್ಯಾಡ, ಅವನ ಮೊಕ ನೋಡು. ಮೊಕ ಅರಳಿದ್ರೆ ಕೀ ಕೊಡ್ಸು."