ಡ್ರೈಯರ್ ಗ್ಯಾಸಿನ ಕಳ್ಳ

ನಾನು ಹುಟ್ಟಾ ಅನುಮಾನದ ಪ್ರಾಣಿ. ಹಾಲಿನವನು ಬಾಗಿಲಲ್ಲಿ ನಿಂತಿರುವಾಗಲೇ ಹಾಲಿಗೆ ಬೆರಳದ್ದಿ, ಉಗುರಿನ ಮೇಲೆ ತೊಟ್ಟು ನಿಲ್ಲುತ್ತದೋ ಜಾರುತ್ತದೋ ನೋಡುತ್ತಿದ್ದೆ. ಬಸ್ಸಿನಲ್ಲಿ ಪಕ್ಕದವನು ನಿದ್ದೆ ಹೋದರೆ, ಅದು ನಿಜವಾದ ನಿದ್ದೆಯೋ ನಾಟಕವೋ ಎಂದು ಜೇಬಿನ ಮೇಲೆ ಕೈ ಇಟ್ಟುಕೊಂಡೇ ಕೂರುತ್ತಿದ್ದೆ. "ತಾನು ಕಳ್ಳ, ಪರರ ನಂಬ ಅಂತಾರೆ. ನೀನು ಕದೀದೇನೇ ಹಿಂಗಿದೀಯಲ್ಲಪ್ಪ" ಎಂದು ಅವ್ವ ನಗುತ್ತಿದ್ದಳು. ನಗುವಂಥ ಗುಣವಲ್ಲ ಅದು ಎಂದು ನನಗೆ ತಿಳಿದದ್ದು ಎಪ್ಪತ್ತರ ದಶಕದಲ್ಲಿ, ಗಾಳಿ ಒಣಗಿಸುವ ಒಂದು ಯಂತ್ರದ ಪಕ್ಕದಲ್ಲಿ.

ಆಗ ನಾನು ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗುವ ರಸ್ತೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದೆ. ಸುಣ್ಣದ ಕಲ್ಲನ್ನು ನುಣ್ಣಗೆ ಪುಡಿ ಮಾಡಿ ಚೀಲಕ್ಕೆ ತುಂಬುವ ಕಾರ್ಖಾನೆ. ಪುಡಿಯನ್ನು ಪೈಪಿನೊಳಗೆ ದೂಡಿಕೊಂಡು ಹೋಗುತ್ತಿದ್ದದ್ದು ಕಂಪ್ರೆಸರಿನ ಗಾಳಿ. ಗಾಳಿಯನ್ನು ಒತ್ತಿ ಒತ್ತಿ ತುಂಬಿದರೆ ಅದರೊಳಗಿನ ತೇವ ನೀರಾಗಿ ಇಳಿಯುತ್ತದೆ. ಮಳೆಗಾಲದಲ್ಲಂತೂ ಪುಡಿ ನೆಂದು, ತಳ ಹಿಡಿದ ಮುದ್ದೆಯ ಹಾಗೆ ಪೈಪಿಗೆ ಕಚ್ಚಿಕೊಳ್ಳುತ್ತಿತ್ತು. ವಾರಕ್ಕೆರಡು ಸಲ ಪೈಪು ಬಿಚ್ಚಿ ಸುತ್ತಿಗೆಯಲ್ಲಿ ಬಡಿಯಬೇಕಾಗಿತ್ತು. ಬೇಸತ್ತ ಸಾಹೇಬರು ಕೊನೆಗೆ ಏರ್ ಡ್ರೈಯರ್ ತರಿಸಿದರು.

ಮರದ ಪೆಟ್ಟಿಗೆಯಲ್ಲಿ, ಲಾರಿಯ ಮೇಲೆ ಬಂತು. ಸರಳವಾಗಿ ಹೇಳಬೇಕೆಂದರೆ ಅದೊಂದು ದೊಡ್ಡ ಫ್ರಿಜ್ಜಿನ ಹೊಟ್ಟೆ. ಗಾಳಿ ಅದರೊಳಗೆ ಹೊಕ್ಕು ತಣ್ಣಗೆ ಕೊರೆಯುವಷ್ಟು ತಂಪಾಗುತ್ತದೆ, ತೇವವೆಲ್ಲ ಹನಿಗೂಡಿ ಅಡಿಯ ನಳಿಕೆಯಿಂದ ಬಕೆಟ್ಟಿಗೆ ಬೀಳುತ್ತದೆ, ಒಣಗಾಳಿ ಮುಂದೆ ಹೋಗುತ್ತದೆ. ಆ ತಂಪು ಹುಟ್ಟುವುದು ತಾಮ್ರದ ಕೊಳವೆಯಲ್ಲಿ ಸುತ್ತುತ್ತಿರುವ ಗ್ಯಾಸಿನಿಂದ. ಆ ಗ್ಯಾಸು ಆಗ ಕೇಳಿದ ಕೂಡಲೇ ಸಿಗುವ ವಸ್ತುವಲ್ಲ. ಬೆಂಗಳೂರಿಗೆ ಬರೆದು ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಹೆಚ್ಚಿಗೆ ಬಂದಿದ್ದ ಒಂದು ಸಿಲಿಂಡರನ್ನು ನಾನು ಕೋಣೆಯೊಳಗಿಟ್ಟು ಬೀಗ ಹಾಕಿದೆ.

ಯಂತ್ರದ ಹಿಂದೆಯೇ ಅದನ್ನು ಕೂರಿಸಿ ನಡೆಸುವ ಮೆಕ್ಯಾನಿಕ್ ಬಂದರು. ನಾವೆಲ್ಲ ಮೇಸ್ತ್ರಿ ಎನ್ನುತ್ತಿದ್ದೆವು. ಹೊಸದುರ್ಗ ತಾಲ್ಲೂಕಿನ ಬಾಗೂರಿನ ಕಡೆಯವರು, ಕುರಿ ಸಾಕುವ ಮನೆತನ. ದಾವಣಗೆರೆಯ ಒಂದು ಐಸ್ ಫ್ಯಾಕ್ಟರಿಯಲ್ಲಿ ಹತ್ತು ವರ್ಷ ದುಡಿದು ತಂಪಿನ ಕೆಲಸ ಕಲಿತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಮಾತು ಕಡಿಮೆ. ಅವರನ್ನು ಆರು ತಿಂಗಳ ಮಟ್ಟಿಗೆ ತೆಗೆದುಕೊಂಡಿದ್ದರು. ಅದು ಮುಗಿದಾಗ 'ಕೆಲಸ ತೃಪ್ತಿಕರ' ಎಂದು ನಾನು ಬರೆದುಕೊಟ್ಟರೆ ಕಾಯಂ, ಇಲ್ಲವಾದರೆ ಊರಿಗೆ. ಕಾಯಂ ಆದರೆ ಮನೆಯವರನ್ನು ದುರ್ಗಕ್ಕೆ ಕರೆತಂದು ದೊಡ್ಡ ಮಗಳನ್ನು ಹೈಸ್ಕೂಲಿಗೆ ಹಾಕಬೇಕು ಎಂದು ಒಮ್ಮೆ ಹೇಳಿದ್ದರು.

ಡ್ರೈಯರನ್ನು ಗೋಡೆಯಿಂದ ಎರಡು ಮೊಳ ದೂರಕ್ಕೆ, ನೀರುಮಟ್ಟ ಹಿಡಿದು ಕೂರಿಸಿದರು. ಕೂರಿಸಿದವರು ಚಾಲೂ ಮಾಡಲಿಲ್ಲ, ಒಂದಿಡೀ ದಿನ ಸುಮ್ಮನೆ ಬಿಟ್ಟರು. "ಲಾರಿಯಾಗೆ ಕುಲುಕಿ ಬಂದೈತೆ ಸಾರ್, ಎಣ್ಣೆ ತಳಕ್ಕೆ ಇಳೀಲಿ" ಎಂದರು. ಕೆಲಸಗಳ್ಳತನ ಎಂದುಕೊಂಡೆ. ಮರುದಿನ ಚಾಲೂ ಮಾಡಿದವರು ಅರ್ಧ ಗಂಟೆ ಗಾಳಿಯನ್ನೇ ಬಿಡಲಿಲ್ಲ. "ಮೊದ್ಲು ಇದರ ಮೈ ತಣ್ಣಗಾಗ್ಲಿ, ಆಮೇಲೆ ಬಿಡಾಣ." ಆಮೇಲೂ ವಾಲ್ವನ್ನು ಒಂದೇ ಸಲ ತಿರುಗಿಸದೆ ಕಾಲು ಸುತ್ತು, ಕಾಲು ಸುತ್ತು ತೆರೆದರು. ಸ್ವಲ್ಪ ಹೊತ್ತಿಗೆ ಬಕೆಟ್ಟಿನಲ್ಲಿ ಟಪ್ ಎಂದು ಮೊದಲ ಹನಿ ಬಿತ್ತು. ಮೇಸ್ತ್ರಿ ಅಂಗೈಯಲ್ಲಿ ಒಂದು ಚಿಟಿಕೆ ಕಲ್ಲಿನ ಪುಡಿ ಇಟ್ಟುಕೊಂಡು ಆಚೆ ತುದಿಯ ಗಾಳಿಗೆ ಹಿಡಿದರು. ಕೈಗೆ ಒಂದು ಕಣವೂ ಅಂಟದೆ ಪುಡಿ ಹಾರಿಹೋಯಿತು. ನಿಜ ಹೇಳುತ್ತೇನೆ, ಆ ದಿನ ನನಗೂ ಖುಷಿಯಾಗಿತ್ತು.

ಕೊನೆಗೆ ಗೇಜು ಹಾಕಿ ತೋರಿಸಿದರು. ಎರಡು ಗಡಿಯಾರದಂಥ ಮುಖ, ಎರಡು ರಬ್ಬರ್ ನಳಿಕೆ. ಯಂತ್ರದ ಮೇಲಿದ್ದ ಹಿತ್ತಾಳೆ ಮುಚ್ಚಳಗಳನ್ನು ಬಿಚ್ಚಿ ನಳಿಕೆ ಸಿಕ್ಕಿಸಿದರೆ, ಒಳಗಿನ ಗ್ಯಾಸಿನ ಒತ್ತಡ ಮುಳ್ಳಿನಲ್ಲಿ ಕಾಣುತ್ತದೆ. ಮುಳ್ಳು ಮೂವತ್ತರ ಗೆರೆಯ ಮೇಲೆ ನಿಂತಿತು. ಅವರು ನಳಿಕೆ ಬಿಚ್ಚಿ, ಮುಚ್ಚಳ ಬಿಗಿದು, ಗೇಜನ್ನು ನನ್ನ ಕೈಗೆ ಕೊಟ್ಟರು.

"ಬೀರುವಿನಾಗೆ ಇಟ್ಟುಬಿಡ್ರಿ ಸಾರ್. ಇದನ್ನ ಪದೇ ಪದೇ ಹಾಕಬ್ಯಾಡ್ರಿ. ಈ ಗಾಜು ನೋಡಿದ್ರೆ ಸಾಕು."

ಕೊಳವೆಯ ನಡುವೆ ಎಂಟಾಣೆಯಷ್ಟಗಲದ ಒಂದು ಗಾಜಿತ್ತು. ಅದರೊಳಗೆ ಗ್ಯಾಸು ನೀರಿನಂತೆ ತಿಳಿಯಾಗಿ ಹರಿಯುತ್ತಿದ್ದರೆ ಸರಿ, ಗುಳ್ಳೆ ಎದ್ದರೆ ಕಮ್ಮಿಯಾಗಿದೆ ಎಂದರ್ಥ.

"ಯಾಕೆ ಮೇಸ್ತ್ರಿ, ಗೇಜು ಹಾಕಿದ್ರೆ ಏನಾಗ್ತೈತೆ?" ಎಂದೆ.

"ಗಬ್ಬದ ಕುರಿ ಹೊಟ್ಟೆನ ದಿನಾ ಒತ್ತಿ ನೋಡಬಾರ್ದು ಸಾರ್" ಎಂದರು. ಅಷ್ಟೇ. ಬಕೆಟ್ಟಿನ ನೀರು ಚೆಲ್ಲಲು ಹೊರಗೆ ಹೋದರು.

ಯಂತ್ರಕ್ಕೂ ಕುರಿಗೂ ಎಲ್ಲಿಯ ಸಂಬಂಧ? ನೋಡಬೇಡ ಎನ್ನುವ ಕಡೆಯೇ ನೋಡಬೇಕಾದ್ದು ಇರುತ್ತದೆ ಎಂಬುದು ನನ್ನ ಲೆಕ್ಕಾಚಾರ. ಆದರೂ ಒಂದು ತಿಂಗಳು ಸುಮ್ಮನಿದ್ದೆ. ಆಮೇಲೊಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಯಾರೋ ಹೇಳಿದರು, ಮೇಸ್ತ್ರಿಯ ಅಕ್ಕನ ಗಂಡನದು ಹಿರಿಯೂರಿನಲ್ಲಿ ಐಸ್ ಕ್ಯಾಂಡಿ ಅಂಗಡಿ ಎಂದು. ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಐಸ್ ಕ್ಯಾಂಡಿ ಮೆಷಿನ್ನಿಗೂ ಇದೇ ಗ್ಯಾಸು ಬೇಕು. ಬಾಗೂರಿಗೆ ಹೋಗಬೇಕಾದ ಮನುಷ್ಯ ಎರಡು ವಾರಕ್ಕೊಮ್ಮೆ ಬಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಹಿರಿಯೂರಿನ ಬಸ್ಸು ಹತ್ತುತ್ತಿದ್ದದ್ದು ಯಾಕೆಂದು ನನಗೆ ಆಗ ಹೊಳೆಯಿತು, ಅಥವಾ ಹೊಳೆಯಿತು ಎಂದುಕೊಂಡೆ.

ಮರುದಿನದಿಂದ ಗೇಜು ಹಾಕತೊಡಗಿದೆ. ಬೆಳಿಗ್ಗೆ ಅವರು ಬರುವ ಮುಂಚೆ ಒಂದು ಸಲ, ಸಂಜೆ ಅವರು ಹೋದ ಮೇಲೆ ಒಂದು ಸಲ. ನಳಿಕೆ ಬಿಚ್ಚುವಾಗ 'ಚುಸ್' ಎಂದು ಸಣ್ಣ ಸದ್ದಾಗಿ ಬೆರಳಿಗೆ ಐಸು ತಾಕಿದಷ್ಟು ತಣ್ಣಗಾಗುತ್ತಿತ್ತು. ಒಳಗೆ ಗ್ಯಾಸು ಇದೆ ಎಂಬುದಕ್ಕೆ ಅದು ಸಾಕ್ಷಿ ಎಂದು ಆ ಸದ್ದು ಕೇಳಿದರೆ ನನಗೆ ಸಮಾಧಾನ. ಮುಳ್ಳು ಎಲ್ಲಿ ನಿಂತಿತೆಂದು ಒಂದು ಪುಟ್ಟ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಮೂರನೆಯ ವಾರಕ್ಕೆ ಮುಳ್ಳು ಮೂವತ್ತರಿಂದ ಒಂದು ಕೂದಲಷ್ಟು ಕೆಳಗಿಳಿದಿತ್ತು. ಎದೆ ಡವಗುಟ್ಟಿತು. ಸಂತೋಷಕ್ಕೆ ಎಂದರೆ ತಪ್ಪಾಗಲಾರದು. ನನ್ನ ಅನುಮಾನ ನಿಜವಾಗುತ್ತಿತ್ತು.

ಅನುಮಾನ ಬಲಿತ ವಾರ ದಿನಕ್ಕೆ ನಾಲ್ಕು ಸಲ ನೋಡಿದೆ. ಆ ವಾರವೇ ಮುಳ್ಳು ಜಾಸ್ತಿ ಇಳಿಯಿತು. ಕಳ್ಳನಿಗೆ ಧೈರ್ಯ ಬಂದಿದೆ ಎಂದುಕೊಂಡೆ.

ಒಂದು ಭಾನುವಾರ ಹಿರಿಯೂರಿಗೇ ಹೋದೆ. ಅಂಗಡಿಯ ಬೆಂಚಿನ ಮೇಲೆ ಕೂತು, ಬೇಡದಿದ್ದರೂ ಕಿತ್ತಳೆ ಬಣ್ಣದ ಕ್ಯಾಂಡಿ ಚೀಪುತ್ತ ಒಳಗಿನ ಮೆಷಿನ್ನನ್ನೇ ನೋಡಿದೆ. ಚೆನ್ನಾಗಿ ಓಡುತ್ತಿತ್ತು, ಹಳೆಯ ಮೆಷಿನ್ನು ಅಷ್ಟು ಚೆನ್ನಾಗಿ ಓಡುವುದೇ ಅನುಮಾನಕ್ಕೆ ದಾರಿ. ನಾನು ದುರ್ಗದ ಕಾರ್ಖಾನೆಯವನೆಂದು ತಿಳಿದು ಅಂಗಡಿಯವನು ಇನ್ನೊಂದು ಕ್ಯಾಂಡಿ ತಂದು ಕೈಗಿಟ್ಟ. "ಈ ಮೆಷಿನ್ನು ನೋಡ್ಕಳ್ಳೋನೇ ನಮ್ಮ ಬಾಮೈದ. ಅವನ ಕಡೇರು ನೀವು, ದುಡ್ಡು ಬ್ಯಾಡ ಬಿಡ್ರಿ." ಪುಕ್ಕಟೆ ಯಾಕೆ ಕೊಟ್ಟ? ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ. ಆ ಕ್ಯಾಂಡಿ ಕರಗಿ ಅಂಗಿಯ ತೋಳಿಗೆ ಇಳಿದದ್ದೂ ಗೊತ್ತಾಗದೆ ಯೋಚಿಸುತ್ತ ಕೂತಿದ್ದೆ.

ಕೆಲವು ದಿನಗಳಲ್ಲಿ ಮೇಸ್ತ್ರಿಯೇ ಬಂದರು. "ಗಾಜಿನಾಗೆ ಗುಳ್ಳೆ ಕಾಣ್ತಾವೆ ಸಾರ್. ಎಲ್ಲೋ ಸೋರ್ತಾ ಐತೆ." ಊರಿನಿಂದ ತಂದ ಒಂದು ಹಿಡಿ ಕುರಿಯ ಉಣ್ಣೆಯನ್ನು ಸೋಪಿನ ನೊರೆಗೆ ಅದ್ದಿ, ಒಂದೊಂದು ಬೆಸುಗೆಗೂ ಒಂದೊಂದು ಕೀಲಿಗೂ ಸವರಿ, ನೊರೆ ಉಬ್ಬುತ್ತದೋ ಎಂದು ಮೂಗು ತಾಕುವಷ್ಟು ಬಗ್ಗಿ ನೋಡಿದರು. ಮೂರು ದಿನ ಅದೇ ಕೆಲಸ. ಎಲ್ಲೂ ಉಬ್ಬಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವರು ಯಾರೂ ಅನ್ನುವ ಮುಂಚೆಯೇ ಮುಟ್ಟಿಕೊಳ್ಳುತ್ತಿದ್ದಾರೆ ಎಂದು ನಾನು ಒಳಗೊಳಗೇ ನಕ್ಕೆ. ಬೀಗ ತೆಗೆದು ಸಿಲಿಂಡರ್ ಕೊಟ್ಟೆ. ನನ್ನ ಕಣ್ಣೆದುರೇ ಗ್ಯಾಸು ತುಂಬಿದರು. ಮುಚ್ಚಳ ಬಿಗಿಯುವಾಗ ಒಂದು ಕ್ಷಣ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, ನನ್ನ ಮುಖ ನೋಡಿದರು. ಮುಳ್ಳು ಮತ್ತೆ ಮೂವತ್ತಕ್ಕೆ ಬಂತು. ತಿಂಗಳೊಳಗೆ ಮತ್ತೆ ಇಳಿಯಿತು.

ನೋಟುಬುಕ್ಕು ಹಿಡಿದು ಸಾಹೇಬರ ಕೋಣೆಗೆ ಹೋದೆ.

ಆ ಶನಿವಾರ ಸಂಜೆ, ಪಾಳಿ ಬಿಡುವ ಹೊತ್ತಿಗೆ, ಸಾಹೇಬರ ಅಪ್ಪಣೆಯಂತೆ ವಾಚ್‌ಮನ್ ಮೇಸ್ತ್ರಿಯನ್ನು ಗೇಟಿನಲ್ಲಿ ತಡೆದ. "ಚೀಲ ಬಿಚ್ಚಪ್ಪ." ಸೈಕಲ್ಲಿನವರು, ಬಸ್ಸಿನವರು ಎಂದು ಐವತ್ತು ಅರವತ್ತು ಜನ ನಿಂತು ನೋಡುತ್ತಿದ್ದರು. ಚೀಲದಿಂದ ಊಟದ ಡಬ್ಬಿ, ಒಂದು ಪಂಚೆ, ಕಾಗದದಲ್ಲಿ ಸುತ್ತಿದ ಅರ್ಧ ಸೋಪು, ನೊರೆ ಒಣಗಿ ಗಟ್ಟಿಯಾದ ಉಣ್ಣೆಯ ಮುದ್ದೆ ಹೊರಬಂದವು. ಬೇರೇನೂ ಇರಲಿಲ್ಲ. ಮೇಸ್ತ್ರಿ ಪಂಚೆಯನ್ನು ನಿಧಾನವಾಗಿ ಮಡಿಸಿ, ಎಲ್ಲವನ್ನೂ ಇದ್ದ ಹಾಗೇ ತುಂಬಿಕೊಂಡು ಹೋದರು. ಸಿಕ್ಕಲಿಲ್ಲವೆಂದರೆ ಇವತ್ತು ಒಯ್ದಿಲ್ಲ ಎಂದಷ್ಟೇ ಅರ್ಥ ಎಂದು ನಾನು ಸಾಹೇಬರಿಗೆ ಹೇಳಿದೆ.

ಸೋಮವಾರ ಅವರು ಬರಲಿಲ್ಲ. ಆರು ತಿಂಗಳು ತುಂಬಲು ಇನ್ನು ಹದಿನೆಂಟು ದಿನ ಬಾಕಿ ಇತ್ತು.

ಕಳ್ಳ ಹೋದ ಮೇಲೆ ಕಳವು ನಿಲ್ಲಬೇಕಲ್ಲ. ನಿಲ್ಲಲಿಲ್ಲ. ಮುಳ್ಳು ಮೊದಲಿನಂತೆಯೇ ಇಳಿಯುತ್ತಿತ್ತು. ಹಾಗಾದರೆ ವಾಚ್‌ಮನ್ನೂ ಶಾಮೀಲು ಎಂದುಕೊಂಡೆ. ಇಬ್ಬರು ಫಿಟ್ಟರುಗಳ ಮೇಲೂ ಕಣ್ಣಿಟ್ಟೆ. ಅಷ್ಟರಲ್ಲಿ ಭರಮಸಾಗರದಲ್ಲಿ ತಂಗಿಯ ಮದುವೆ ಬಂದು, ಹನ್ನೆರಡು ದಿನ ರಜೆ ಹಾಕಿ ಹೋಗಬೇಕಾಯಿತು. ಗೇಜಿದ್ದ ಬೀರುವಿನ ಬೀಗದ ಕೈ ಉಡಿದಾರಕ್ಕೆ ಕಟ್ಟಿಕೊಂಡೇ ಮದುವೆಯಲ್ಲಿ ಓಡಾಡಿದೆ. ನಾನಿಲ್ಲದ ಹನ್ನೆರಡು ದಿನಗಳಲ್ಲಿ ಎಲ್ಲವನ್ನೂ ಖಾಲಿ ಮಾಡಿರುತ್ತಾರೆ ಎಂದು ಧಾರೆಯ ಹೊತ್ತಿನಲ್ಲೂ ಅದೇ ಚಿಂತೆ.

ಬಂದ ದಿನ ಬೆಳಿಗ್ಗೆಯೇ ಗೇಜು ಹಾಕಿದೆ. ಮುಳ್ಳು ಇಪ್ಪತ್ತಾರರಲ್ಲಿತ್ತು. ನೋಟುಬುಕ್ಕು ತೆಗೆದೆ. ಹೋಗುವ ದಿನ ಬರೆದದ್ದೂ ಇಪ್ಪತ್ತಾರೇ. ಒಂದು ಕೂದಲೂ ಇಳಿದಿರಲಿಲ್ಲ. ವಾಚ್‌ಮನ್ ಇದ್ದ, ಫಿಟ್ಟರುಗಳು ಇದ್ದರು, ಯಂತ್ರ ಓಡುತ್ತಲೇ ಇತ್ತು. ಈ ಹನ್ನೆರಡು ದಿನ ಇಲ್ಲದಿದ್ದವನು ಯಾರು ಎಂದು ಯೋಚಿಸುತ್ತ ನಳಿಕೆ ಬಿಚ್ಚಿದೆ. 'ಚುಸ್' ಎಂದಿತು. ಬೆರಳು ತಣ್ಣಗಾಯಿತು.

ಮತ್ತೆ ಹಾಕಿದೆ, ಮತ್ತೆ ಬಿಚ್ಚಿದೆ. ಪ್ರತಿ ಸಲವೂ ನಳಿಕೆಯಲ್ಲಿ ತುಂಬಿಕೊಂಡಷ್ಟು ಗ್ಯಾಸು ಹೊರಗೆ ಹೋಗುತ್ತಿತ್ತು. ಹೀಗೆ ಇಪ್ಪತ್ತು ಸಲ ಮಾಡುವಷ್ಟರಲ್ಲಿ ಗಾಜಿನೊಳಗೆ ಗುಳ್ಳೆಗಳು ದಟ್ಟವಾಗಿ, ಮುಳ್ಳು ಇಪ್ಪತ್ತೈದಕ್ಕೆ ಬಂದು ನಿಂತಿತು. ಅಲ್ಲೇ ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ನನಗೆ ಬಂದದ್ದು ನಾಚಿಕೆಯಲ್ಲ, ಮೊದಲು ಬಂದದ್ದು ಹೆದರಿಕೆ. ಸಾಹೇಬರಿಗೆ ಗೊತ್ತಾದರೆ ಎಂಬ ಹೆದರಿಕೆ.

ಆ ಭಾನುವಾರ ಹೊಸದುರ್ಗಕ್ಕೆ ಹೋಗಿ, ಅಲ್ಲಿಂದ ಬಾಗೂರಿನ ಬಸ್ಸು ಹಿಡಿದೆ. ಮೇಸ್ತ್ರಿ ಹಟ್ಟಿಯ ಹೊರಗೆ, ಬೇವಿನ ಮರದಡಿ ಕುರಿಯ ಕಾಲು ಕಟ್ಟಿ ಮಲಗಿಸಿಕೊಂಡು ಉಣ್ಣೆ ಕತ್ತರಿಸುತ್ತಿದ್ದರು. ಹಿರಿಯ ಮಗಳು ಉಣ್ಣೆಯನ್ನು ಗೋಣಿಗೆ ತುಂಬುತ್ತಿದ್ದಳು. ಹೈಸ್ಕೂಲಿಗೆ ಹೋಗಬೇಕಾಗಿದ್ದ ಹುಡುಗಿ. "ಬರ್ರಿ ಸಾರ್, ಕುಂತ್ಕಳ್ರಿ" ಎಂದು ಮಜ್ಜಿಗೆ ತರಿಸಿದರು. ನಾನು ಎಲ್ಲವನ್ನೂ ಹೇಳಿದೆ. ಅವರ ಕತ್ತರಿ ನಿಲ್ಲಲಿಲ್ಲ.

"ಗೊತ್ತಿತ್ತು ಸಾರ್. ಅವತ್ತು ಗ್ಯಾಸು ತುಂಬುವಾಗ ನೋಡ್ದೆ, ಹಿತ್ತಾಳೆ ಮುಚ್ಚಳದ ಮೂಲೆ ಎಲ್ಲಾ ಸವೆದು ಗುಂಡಗಾಗಿದ್ವು. ದಿನಾ ಯಾರೋ ಸ್ಪ್ಯಾನರ್ ಹಾಕ್ತಾ ಅವ್ರೆ ಅಂದ್ಕಂಡೆ. ಗೇಜು ಇದ್ದದ್ದು ನಿಮ್ಮ ಬೀರುವಿನಾಗೆ."

"ಗೊತ್ತಿದ್ರೂ ಯಾಕೆ ಹೇಳ್ಲಿಲ್ಲ ಮೇಸ್ತ್ರಿ?"

"ಹೆಂಗೆ ಹೇಳ್ಲಿ. ಕಾಯಂ ಮಾಡೋ ಕಾಗದ ನಿಮ್ಮ ಕೈಯಾಗಿತ್ತು." ಕುರಿಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದರು. "ಸಾಹೇಬ್ರಿಗೆ ಹೇಳಿದ್ರಾ?"

ಇಲ್ಲ ಎಂದೆ. ಮೊದಲು ನಿಮ್ಮಲ್ಲಿ ಕ್ಷಮೆ ಕೇಳೋಣವೆಂದು ಬಂದೆ ಎಂದೆ.

"ನಂಗೆ ಹೇಳಿ ಏನಾತು ಸಾರ್, ನಾ ಕದ್ದಿಲ್ಲ ಅಂತ ನಂಗೆ ಗೊತ್ತೇ ಐತೆ. ಚೀಲ ಬಿಚ್ಚಿಸಿದ್ದು ಗೇಟಿನಾಗೆ. ಅಲ್ಲಿ ಹೇಳ್ರಿ."

ಕ್ಷಮೆಯನ್ನು ಹಟ್ಟಿಯ ಮರೆಯಲ್ಲೇ ಮುಗಿಸಿಕೊಂಡು ಹೋಗಲು ಬಂದಿದ್ದೆ ಎಂಬುದು ಆ ಮಾತು ಕೇಳಿದ ಮೇಲೆ ನನಗೇ ಗೊತ್ತಾಯಿತು. ಮರುದಿನ ಬೆಳಿಗ್ಗೆ ಸಾಹೇಬರಿಗೆ ಹೇಳಿ ಬೈಸಿಕೊಂಡೆ. ಸಂಜೆ ಪಾಳಿ ಬಿಡುವಾಗ ಗೇಟಿನಲ್ಲಿ ನಿಂತು, ಗ್ಯಾಸು ಕಳೆದದ್ದು ನಾನು, ಮೇಸ್ತ್ರಿಯಲ್ಲ ಎಂದು ಹೇಳಿದೆ. ಕೆಲವರು ನಿಂತು ಕೇಳಿದರು, ಕೆಲವರು ಬಸ್ಸು ತಪ್ಪೀತೆಂದು ಹಾಗೇ ಹೋದರು. ಚೀಲ ಬಿಚ್ಚಿಸಿದ ದಿನ ಮಾತ್ರ ಯಾರಿಗೂ ಬಸ್ಸಿನ ಅವಸರ ಇರಲಿಲ್ಲ.

ಸಾಹೇಬರು ಹೇಳಿಕಳಿಸಿದ ಮೇಲೆ ಮೇಸ್ತ್ರಿ ಬಂದರು, ಕಾಯಂ ಆದರು, ಮಗಳು ದುರ್ಗದ ಹೈಸ್ಕೂಲಿಗೆ ಸೇರಿದಳು. ಬಂದ ದಿನ ಅವರು ನನ್ನಿಂದ ಕೇಳಿದ್ದು ಒಂದೇ, ಗೇಜು. ಕಮ್ಮಿಯಾಗಿದ್ದ ಗ್ಯಾಸು ತುಂಬಿ ಅದನ್ನು ತಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡರು. ಆಮೇಲೆ ವರ್ಷಗಟ್ಟಲೆ ಆ ಡ್ರೈಯರಿಗೆ ಒಂದು ಗುಕ್ಕು ಗ್ಯಾಸೂ ಬೇಕಾಗಲಿಲ್ಲ.

ಆದರೆ ಮರಳಿ ಬಂದ ಮೊದಲ ದಿನದಿಂದಲೇ ಒಂದು ಅಭ್ಯಾಸ ಶುರು ಮಾಡಿಕೊಂಡರು. ಸಂಜೆ ಮನೆಗೆ ಹೋಗುವಾಗ ಗೇಟಿನಲ್ಲಿ ನಿಂತು, ವಾಚ್‌ಮನ್ ಮುಂದೆ ಚೀಲದ ಬಾಯಿ ಬಿಚ್ಚಿ ಹಿಡಿಯುತ್ತಿದ್ದರು. "ಬ್ಯಾಡ ಮೇಸ್ತ್ರಿ, ಹೋಗ್ರಿ" ಎಂದು ಅವನು ಮುಖ ತಿರುಗಿಸಿದರೂ ಬಿಡುತ್ತಿರಲಿಲ್ಲ. ಡಬ್ಬಿ, ಪಂಚೆ ಎಲ್ಲ ಕಾಣುವಷ್ಟು ಹೊತ್ತು ಹಿಡಿದಿದ್ದು, ಆಮೇಲೆ ದಾರ ಎಳೆದು ಹೋಗುತ್ತಿದ್ದರು. ಹಿಂದೆ ನಾನಿದ್ದೇನೆಂದು ಗೊತ್ತಿದ್ದೇ ಹಾಗೆ ಮಾಡುತ್ತಿದ್ದರೋ, ಇಲ್ಲವೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ನಿವೃತ್ತಿಯಾದ ದಿನ ಕೊರಳಲ್ಲಿ ಹಾರ ಹಾಕಿಕೊಂಡು ಹೊರಟವರು ಗೇಟಿನಲ್ಲಿ ನಿಂತರು. ಅವತ್ತೂ ಚೀಲ ಬಿಚ್ಚಿ ತೋರಿಸಿಯೇ ಹೋದರು.