ಬಂಟ್ವಾಳದಿಂದ ಒಂದೇ ರಿಂಗು

ಫೋನು ಒಂದೇ ಸಲ ಬಡಿದು ನಿಂತರೆ ನಮ್ಮ ಮನೆಯಲ್ಲಿ ಯಾರೂ ಎತ್ತಲು ಏಳುತ್ತಿರಲಿಲ್ಲ. ಅಮ್ಮ ಒಲೆಯ ಮೇಲೆ ಅನ್ನಕ್ಕೆ ಇಡುತ್ತಿದ್ದಳು. ಅನ್ನ ಬೆಂದು ಬಸಿದ ಮೇಲೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದಳು.

ರಿಂಗು ಅಪ್ಪನದು. ಅವರು ವಿಶ್ವವಿದ್ಯಾನಿಲಯದಲ್ಲಿ ಗಣಿತ ಕಲಿಸುತ್ತಿದ್ದರು. ಸಂಜೆ ಅಲ್ಲಿಂದ ಬಂಟ್ವಾಳಕ್ಕೆ ಬಂದು, ಬಸ್ಸು ಬದಲಿಸಿ ಮೂಡುಬಿದಿರೆಗೆ ಬರಬೇಕು. ಬದಲಿ ಬಸ್ಸಿನಲ್ಲಿ ಚೀಲವಿಟ್ಟು ಸೀಟು ಹಿಡಿದು, ಪಕ್ಕದ ಬೂತಿಗೆ ಓಡಿ, ಒಂದು ರಿಂಗು ಕೊಟ್ಟು ಇಟ್ಟುಬಿಡುತ್ತಿದ್ದರು. ಬಸ್ಸು ಹತ್ತಿದ್ದೇನೆ ಎಂದು ಅದರ ಅರ್ಥ. ಮಾತ್ರೆಯನ್ನು ಊಟಕ್ಕೆ ತುಸು ಮೊದಲು ತೆಗೆದುಕೊಳ್ಳಬೇಕು, ನುಂಗಿ ಉಣ್ಣದಿದ್ದರೆ ಸಕ್ಕರೆ ತೀರಾ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ಅವರಿಬ್ಬರೂ ಮಾಡಿಕೊಂಡ ಏರ್ಪಾಡು ಇದು. ಅನ್ನ ಬಸಿಯುವಾಗ ಬಸ್ಸು ಅರ್ಧ ದಾರಿಯ ಸಿದ್ಧಕಟ್ಟೆ ದಾಟಿರುತ್ತದೆ ಎಂಬುದು ಅಮ್ಮನ ಲೆಕ್ಕ.

ನಾವು ಜೈನರು. ಹೊತ್ತು ಕಂತಿದ ಮೇಲೆ ಮನೆಯಲ್ಲಿ ಊಟವಿಲ್ಲ. ಅಪ್ಪನಿಗೆ ಅದು ಹುಟ್ಟಿನಿಂದ ಬಂದ ರೂಢಿ. ಬೆಳ್ತಂಗಡಿಯ ಕಡೆಯ ಹಳ್ಳಿಯವಳಾದ ಅಮ್ಮನಿಗೆ ಅದು ವ್ರತ. ಮದುವೆಗೆ ಮೊದಲೇ ಊರಿಗೆ ಬಂದಿದ್ದ ಮುನಿಗಳ ಎದುರು ಕೈಮುಗಿದು ಹಿಡಿದದ್ದು. ಕತ್ತಲಾದ ಮೇಲೆ ನೀರೂ ಇಲ್ಲ, ಮದ್ದೂ ಇಲ್ಲ. ಬೆಳಿಗ್ಗೆ ಅಪ್ಪ ನಾವು ಏಳುವಷ್ಟರಲ್ಲಿ ಹೊರಟಿರುತ್ತಿದ್ದರು. ಹಾಗಾಗಿ ಎಲ್ಲರೂ ಒಟ್ಟಿಗೆ ಕೂರುವ ಊಟ ಸಂಜೆಯದೊಂದೇ. ಅದಕ್ಕಾಗಿ ಅವರು ಸಂಜೆಯ ಯಾವ ಸಭೆಗೂ ನಿಲ್ಲುತ್ತಿರಲಿಲ್ಲ. ವಿಭಾಗದ ಮುಖ್ಯಸ್ಥನ ಹುದ್ದೆ ಸರದಿಯಲ್ಲಿ ಬಂದಾಗ ಬೇಡವೆಂದರು. ಸೂರ್ಯನ ಜೊತೆ ಏನಾದರೂ ಅಗ್ರಿಮೆಂಟ್ ಉಂಟಾ ಮಾರಾಯರೇ ಎಂದು ಜೊತೆಯವರು ಕೆಣಕುತ್ತಿದ್ದುದನ್ನು ಅವರೇ ಮನೆಯಲ್ಲಿ ಹೇಳಿ ನಗುತ್ತಿದ್ದರು. ಅವರು ತೀರಿಹೋದ ಮೇಲೆ ನಡೆದ ಸಭೆಯಲ್ಲಿ ಒಬ್ಬರು ಅದನ್ನು ನಿರ್ಲಿಪ್ತತೆ ಎಂದು ಹೊಗಳಿದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ನಿರ್ಲಿಪ್ತತೆಯಲ್ಲ, ಊಟ ಎಂದು ಎದ್ದು ಹೇಳಲು ನನ್ನಿಂದಾಗುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ನಾನು ಡಿಗ್ರಿಯ ಮೊದಲ ವರ್ಷದಲ್ಲಿದ್ದೆ. ಎರಡು ದಿನದಿಂದ ಮಳೆ ಬಿಟ್ಟಿರಲಿಲ್ಲ. ಕರೆಂಟು ಇರಲಿಲ್ಲ, ಫೋನು ಮಾತ್ರ ಇತ್ತು. ರಿಂಗು ಆಯಿತು, ನಿಂತಿತು. ಅಮ್ಮ ಅನ್ನಕ್ಕೆ ಇಟ್ಟಳು, ಬಸಿದಳು, ಮಾತ್ರೆ ನುಂಗಿದಳು. ನಾನು ತಟ್ಟೆಗಳನ್ನು ಇಟ್ಟೆ.

ಬಸ್ಸು ಬರಲಿಲ್ಲ.

ನಡೆದದ್ದು ನಮಗೆ ಆಮೇಲೆ ತಿಳಿಯಿತು. ಅಪ್ಪ ರಿಂಗು ಕೊಟ್ಟು ಬಸ್ಸು ಹತ್ತಿದ್ದರು. ಆದರೆ ಬಂಟ್ವಾಳ ಪೇಟೆಯ ಕೆಳಗಿನ ರಸ್ತೆಗೆ ನೇತ್ರಾವತಿಯ ನೀರು ಏರಿ, ಬಸ್ಸು ಮುಂದೆ ಹೋಗದೆ ನಿಂತಿತು. ಅವರು ಇಳಿದು ಫೋನು ಹುಡುಕಿದರು. ನೀರು ಬಂದ ಕಡೆಯ ಅಂಗಡಿಯವರೆಲ್ಲ ಬಾಗಿಲು ಹಾಕಿ ಸಾಮಾನನ್ನು ಅಟ್ಟಕ್ಕೆ ಏರಿಸುತ್ತಿದ್ದರು. ಕೊಟ್ಟ ರಿಂಗನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಅವರಿಗಿರಲಿಲ್ಲ.

ಮನೆಯಲ್ಲಿ ಅಜ್ಜಿ, ಅಪ್ಪನ ತಾಯಿ, ಜಗಲಿಯ ತುದಿಯಲ್ಲಿ ಅಂಗೈ ಚಾಚಿ ನಿಂತಿದ್ದರು. ಸೂರ್ಯ ಕಾಣದ ಮಳೆಗಾಲದಲ್ಲಿ ಹೊತ್ತು ಕಂತಿತೋ ಇಲ್ಲವೋ ಎಂದು ಅವರು ಹಾಗೆಯೇ ನೋಡುತ್ತಿದ್ದುದು. ಅಂಗೈಯ ಗೆರೆ ಕಾಣುವಷ್ಟು ಬೆಳಕು ಇದ್ದರೆ ಉಣ್ಣಬಹುದು. ಗೆರೆ ಅಳಿಸಿದರೆ ಮುಗಿಯಿತು.

"ಬಡಿಸಿಕೊಂಡು ಉಣ್ಣು ನೀನು," ಎಂದರು ಅಮ್ಮನಿಗೆ. "ಕಾಯ್ಲಿಕ್ಕೆ ಅವನೇನು ಮದುಮಗನಾ?"

ಬಸ್ಸು ಹತ್ತಿ ಆಗಿದೆಯಲ್ಲ, ಈಗ ಬರುತ್ತಾರೆ ಎಂದಳು ಅಮ್ಮ. ಉಣ್ಣು ಎಂದು ನಾನೂ ಹೇಳಿದೆ. ಇನ್ನೊಂದು ಸ್ವಲ್ಪ ಎಂದಳು. ಅಜ್ಜಿ ಅಂಗೈಯನ್ನು ಕಣ್ಣಿನ ಹತ್ತಿರ ತಂದುಕೊಂಡರು. ಮೆಲ್ಲಗೆ ಕೈ ಇಳಿಸಿ ಸೆರಗಿಗೆ ಒರಸಿಕೊಂಡು ಒಳಗೆ ಬಂದರು.

ಅಮ್ಮ ಅನ್ನದ ಪಾತ್ರೆ ಮುಚ್ಚಿದಳು. ಮುಚ್ಚಳ ಕೈಯಲ್ಲಿ ಗಡಗಡ ಸದ್ದು ಮಾಡಿತು. ಚಿಮಿಣಿ ದೀಪ ಹಚ್ಚಿ ನೋಡಿದರೆ ಅವಳ ಹಣೆ, ಕುತ್ತಿಗೆ ಎಲ್ಲ ಬೆವರು. ಆ ಚಳಿಯಲ್ಲಿ ರವಿಕೆ ಬೆನ್ನಿಗೆ ಅಂಟಿತ್ತು. ಕುಳಿತುಕೋ ಎಂದರೆ ಕುಳಿತಳು. ನಾನು ಲೋಟದಲ್ಲಿ ಬೆಲ್ಲ ಕದಡಿ ತಂದೆ. ಅವಳು ತುಟಿ ಬಿಗಿದು ಮುಖ ತಿರುಗಿಸಿದಳು. ಮದ್ದೆಂದು ಕುಡಿ ಎಂದೆ. ಕೈಯಲ್ಲಿ ಲೋಟವನ್ನು ದೂರ ಸರಿಸಿದಳು. ಸ್ವಲ್ಪ ಹೊತ್ತಿನಲ್ಲಿ ನನ್ನನ್ನು ಅವಳ ತಂಗಿಯ ಹೆಸರಿನಿಂದ ಕರೆದಳು. ಕರು ಕಟ್ಟಿ ಆಯ್ತಾ ಎಂದು ಕೇಳಿದಳು. ನಮ್ಮಲ್ಲಿ ಹಸುವೇ ಇರಲಿಲ್ಲ.

ಡಾಕ್ಟರ ಮನೆಗೆ ಫೋನು ಮಾಡಿದೆ. ಎತ್ತಿದವರು, ಅವರು ಯಾರನ್ನೋ ನೋಡಲು ಹೋಗಿದ್ದಾರೆ, ಬಂದ ಕೂಡಲೇ ಕಳಿಸುತ್ತೇವೆ, ಅಷ್ಟರವರೆಗೆ ಸಿಹಿ ಏನಾದರೂ ಕೊಡಿ ಎಂದರು. ನಾನು ಮತ್ತೆ ಲೋಟ ಹಿಡಿದು ಕೂತೆ. ಅಜ್ಜಿ ಕಂಬಕ್ಕೆ ಒರಗಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದರು.

ಗೇಟಿನಲ್ಲಿ ಜೀಪು ನಿಂತ ಸದ್ದಾಯಿತು. ಮೇಲಿನ ದಾರಿಯಲ್ಲಿ ನೀರನ್ನು ಸುತ್ತುಹಾಕಿ ನಡೆದು, ಆಚೆ ಬದಿಯಲ್ಲಿ ಸಿಕ್ಕಿದ ಜೀಪು ಹಿಡಿದು ಅಪ್ಪ ಬಂದಿದ್ದರು. ಸೊಂಟದವರೆಗೆ ಕೆಸರು. ಬಾಗಿಲಲ್ಲೇ ಕೇಳಿದರು, "ಮಾತ್ರೆ ತಗೊಂಡಿದ್ದಾಳಾ?"

ನಾನು ಹೌದೆಂದೆ. ಉಂಡಳಾ ಎಂದು ಅವರು ಕೇಳಲಿಲ್ಲ. ನನ್ನ ಕೈಯಿಂದ ಲೋಟ ತೆಗೆದುಕೊಂಡು ಅಮ್ಮನ ಎದುರು ಮಂಡಿಯೂರಿದರು. ಕುಡಿ ಎಂದರು. ಅವಳು ತುಟಿ ತೆರೆಯಲಿಲ್ಲ. ಅಪ್ಪ ಒಮ್ಮೆ ಅಜ್ಜಿಯ ಕಡೆ ನೋಡಿದರು. ಆಮೇಲೆ ಲೋಟವನ್ನು ತಮ್ಮ ಬಾಯಿಗೆ ಎತ್ತಿ ಒಂದು ಗುಟುಕು ಕುಡಿದರು. ಕತ್ತಲಾದ ಮೇಲೆ ಅವರ ಗಂಟಲು ಏನನ್ನಾದರೂ ನುಂಗಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಪರವೂರಿನ ಸಮ್ಮೇಳನಗಳಲ್ಲೂ ಅವರು ಹಸಿದೇ ಮಲಗುತ್ತಿದ್ದರು.

"ನಾನು ಕುಡಿದಾಯ್ತು," ಎಂದರು. "ಇನ್ನು ನೀನು."

ಅಮ್ಮ ಅವರನ್ನೇ ದಿಟ್ಟಿಸಿದಳು. ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ತುಟಿ ಸಡಿಲವಾಯಿತು. ಅಪ್ಪ ಅವಳ ಗಲ್ಲ ಹಿಡಿದು ಸ್ವಲ್ಪ ಸ್ವಲ್ಪವಾಗಿ ಕುಡಿಸಿದರು. ಅರ್ಧ ನೀರು ಗಲ್ಲದಿಂದ ಇಳಿದು ಸೀರೆಗೆ ಹೋಯಿತು. ಲೋಟ ಖಾಲಿಯಾಯಿತು. ಮೊದಲು ಕದಲಿದವರು ಅಜ್ಜಿ. ಅನ್ನದ ಪಾತ್ರೆಯ ಮುಚ್ಚಳ ತೆಗೆದು, "ಬರೀ ಬೆಲ್ಲ ನಿಲ್ಲುವುದಿಲ್ಲ, ಎರಡು ತುತ್ತು ಅನ್ನ ಕೊಡು," ಎಂದು ತಟ್ಟೆ ಚಾಚಿದರು.

ಡಾಕ್ಟರು ಬರುವಾಗ ಅಮ್ಮನಿಗೆ ನಮ್ಮ ಗುರುತು ಸಿಗುತ್ತಿತ್ತು. ಅವರು ಪರೀಕ್ಷಿಸಿ, ಇನ್ನು ಮಾತ್ರೆ ತಟ್ಟೆಯ ಎದುರು ಕೂತ ಮೇಲೆಯೇ ಎಂದು ಗದರಿ ಹೋದರು. ಅವರು ಹೋದ ಮೇಲೆ ಅಮ್ಮ ಅಪ್ಪನನ್ನು ಕೇಳಿದಳು, "ಹೊತ್ತು ಕಂತಿತ್ತಾ?"

ಅಪ್ಪ ಸುಳ್ಳು ಹೇಳುತ್ತಾರೆ ಎಂದುಕೊಂಡಿದ್ದೆ. "ಕಂತಿತ್ತು," ಎಂದರು.

"ಹಾಗಾದ್ರೆ ನಾಳೆ ನನಗೆ ಉಪವಾಸ."

"ನಾಳೆ ನಾನು ಮಾಡ್ತೇನೆ. ನಿನ್ನದೂ ಸೇರಿಸಿ."

"ಒಬ್ಬರ ಉಪವಾಸ ಇನ್ನೊಬ್ಬರು ಮಾಡ್ಲಿಕ್ಕೆ ಬರುವುದಿಲ್ಲ," ಎಂದು ಅಮ್ಮ ಗೋಡೆಯ ಕಡೆ ತಿರುಗಿದಳು. ಉಣ್ಣದೆ ಇದ್ದರೆ ನಾಳೆ ಮತ್ತೆ ಇದೇ ಎಂದು ಡಾಕ್ಟರು ಹೇಳಿದ್ದನ್ನು ಅವಳೂ ಕೇಳಿದ್ದಳು. ಅಪ್ಪ ವಾದಿಸಲಿಲ್ಲ. ಮನೆಯಲ್ಲಿ ಅವರು ವಾದಿಸಿ ಗೆದ್ದದ್ದು ನನಗೆ ನೆನಪಿಲ್ಲ.

ಬೆಳಿಗ್ಗೆ ಅವರು ನೀರೂ ಮುಟ್ಟದೆ ಸುತ್ತಿನ ದಾರಿ ಹಿಡಿದು ಪಾಠಕ್ಕೆ ಹೊರಟರು. ಚಪ್ಪಲಿ ಮೆಟ್ಟುವಾಗ ನನಗೆ ಹೇಳಿದ್ದು, "ನೋಡಿಕೋ" ಎಂದಷ್ಟೇ. ನಾನು ಎರಡು ಬಟ್ಟಲಿಗೆ ಗಂಜಿ ಬಡಿಸಿದೆ. ಒಂದನ್ನು ಅಮ್ಮನ ಎದುರಿಗಿಟ್ಟು, ಇನ್ನೊಂದನ್ನು ನನ್ನ ಎದುರಿಗಿಟ್ಟುಕೊಂಡು, ಮುಟ್ಟದೆ ಕೂತೆ. ಕಾಲೇಜಿಗೆ ಹೊತ್ತಾಗುತ್ತದೆ, ಉಣ್ಣು ಎಂದಳು ಅಮ್ಮ. ಗಂಜಿಯ ಹಬೆ ನಿಂತು, ಮೇಲೆ ತೆಳ್ಳಗೆ ಕೆನೆ ಕಟ್ಟಿತು. ರಸ್ತೆಯಲ್ಲಿ ನನ್ನ ಗೆಳತಿಯರು ಮಾತಾಡುತ್ತಾ ಹಾದುಹೋದರು. ಅಮ್ಮ ನನ್ನ ಬಟ್ಟಲನ್ನು ನೋಡಿದಳು, ನನ್ನನ್ನು ನೋಡಿದಳು, ಚಮಚ ಎತ್ತಿದಳು. ಅವಳು ನುಂಗುವುದನ್ನು ನೋಡಿ ನಾನೂ ಉಣ್ಣತೊಡಗಿದೆ.