ಚುಕ್ಕಿ ಇದ್ದ ತಾಟು

ಕೆಂಪು ಆಯಿಲ್ ಪೇಂಟಿನ ವಾಸನೆ ಬಂದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ. ಕಾರಣ, ನಾನು ಕಲಿಸುವ ಪ್ರಾಥಮಿಕ ಶಾಲೆಯ ಊಟದ ತಾಟುಗಳು.

ಗೋಕಾಕದಿಂದ ಬೆಳಗಿನ ಬಸ್ಸು ಹಿಡಿದು, ಹಿಡಕಲ್ ದಾಟಿ, ಹುಕ್ಕೇರಿ ತಾಲೂಕಿನ ಆ ಹಳ್ಳಿಗೆ ಹೋಗುತ್ತೇನೆ. ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುವಾದಾಗ, ತಿನ್ನದ ಮಕ್ಕಳಿಗೆ ಬಾಳೆಹಣ್ಣು ಎಂದಾಯಿತು. ಸರಿಯಾದ ಏರ್ಪಾಡೇ. ಊರಿನಲ್ಲಿ ಜೈನರ ಮನೆಗಳಿವೆ, ಮೊಟ್ಟೆ ಮುಟ್ಟದ ಬೇರೆಯವರೂ ಇದ್ದಾರೆ. ಆದರೆ ಶಾಲಾ ಸಮಿತಿಯ ಅಧ್ಯಕ್ಷರಿಗೆ ಅಷ್ಟು ಸಾಲಲಿಲ್ಲ. ತಾಟುಗಳೂ ಬೆರಕೆಯಾಗಬಾರದು ಎಂದು ಹಟ ಹಿಡಿದರು. ಹುಡುಗಿಯರ ಶೌಚಾಲಯಕ್ಕೆ ಒಂದು ಚಿಲಕ ಹಾಕಿಸಲು ವರ್ಷವಿಡೀ ಸತಾಯಿಸಿದ ನಮ್ಮ ಹೆಡ್‌ಮಾಸ್ತರರು ಮರುದಿನವೇ ಪೇಂಟು ತರಿಸಿ, ಮೊಟ್ಟೆ ತಿನ್ನುವವರಿಗೆಂದು ಒಂದಿಷ್ಟು ತಾಟುಗಳ ಬೆನ್ನಿಗೆ ಕೆಂಪು ಚುಕ್ಕಿ ಇಡಿಸಿದರು. ಚುಕ್ಕಿ ತಾಟಿನವರು ವರಾಂಡದ ಆ ತುದಿಗೆ, ಕೈ ತೊಳೆಯುವ ನಲ್ಲಿಯ ಹತ್ತಿರ. ಉಳಿದವರು ಈ ತುದಿಗೆ.

ನನ್ನ ಮೂರನೇ ತರಗತಿಯಲ್ಲಿ ಇಬ್ಬರು ಗೆಳತಿಯರಿದ್ದರು. ಒಬ್ಬಳು ಜೈನ ರೈತರ ಮನೆಯವಳು, ಮಾತಿನಲ್ಲಿ ಅರ್ಧ ಮರಾಠಿ. ಇನ್ನೊಬ್ಬಳ ಅವ್ವ ಕಬ್ಬಿನ ಹೊಲಕ್ಕೆ ಕೂಲಿಗೆ ಹೋಗುವವಳು, ಅವರ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ. ಪೆನ್ಸಿಲ್ಲು, ಜಗಳ, ತಲೆಯ ಹೇನು ಎಲ್ಲವನ್ನೂ ಹಂಚಿಕೊಂಡವರು ಊಟಕ್ಕೆ ಮಾತ್ರ ಬೇರೆಯಾದರು.

ಕೂಲಿಯವಳ ಮಗಳಿಗೆ ಮೊಟ್ಟೆಯೆಂದರೆ ಪ್ರಾಣ. ಹಳದಿಯನ್ನು ಕೊನೆಗೆಂದು ತಾಟಿನ ಮೂಲೆಯಲ್ಲಿ ಕಾಪಾಡಿಕೊಂಡು ತಿನ್ನುತ್ತಿದ್ದಳು. ಒಂದು ದಿನ ಗೆಳತಿಯ ಪಕ್ಕ ಕೂರುವ ಆಸೆಗೆ ಆ ಮೊಟ್ಟೆಯನ್ನೇ ಬಿಟ್ಟಳು. ತನಗೂ ಬಾಳೆಹಣ್ಣು ಕೊಡಿ ಎಂದು ಅಡುಗೆಯವಳನ್ನು ಕೇಳಿದಳು. ಹಣ್ಣು ಸಿಕ್ಕಿತು, ಚುಕ್ಕಿಯ ತಾಟಿನಲ್ಲೇ ಸಿಕ್ಕಿತು. ಅವಳು ಗೆಳತಿಯ ಕಡೆ ಹೊರಟರೆ ಅಡುಗೆಯವಳು ಅಡ್ಡ ನಿಂತು ನಲ್ಲಿಯ ಕಡೆ ಕೈ ತೋರಿಸಿದಳು.

ಈ ತುದಿಯಲ್ಲಿ ಅಧ್ಯಕ್ಷರ ಮೊಮ್ಮಗ ಆರಾಮಾಗಿ ಕೂತು ಮೊಟ್ಟೆ ಸುಲಿಯುತ್ತಿದ್ದ. ಊಟ ಮುಗಿದ ಮೇಲೆ ಅವನ ತಾಟು ತಿರುವಿ ನೋಡಿದೆ. ಚುಕ್ಕಿಯಿಲ್ಲದೆ ಥಳಥಳ ಹೊಳೆಯುತ್ತಿತ್ತು. ಮೊಟ್ಟೆ ಬರೀ ನೆಪ. ಕೇರಿ ನೋಡಿ ಚುಕ್ಕಿ ಇಟ್ಟಿದ್ದರು.

ಹೆಡ್‌ಮಾಸ್ತರರನ್ನು ಕೇಳಿದೆ. ಅವರು ಚಹಾದ ಕಪ್ಪು ಕೆಳಗಿಡಲೂ ಇಲ್ಲ.

"ಅವರವರ ಪದ್ಧತಿಗೆ ಗೌರವ ಕೊಡಬೇಕಲ್ರಿ ಮೇಡಂ. ಇದರಾಗ ಭೇದ ಎಲ್ಲಿ ಬಂತ್ರಿ?"

ಗೌರವವಂತೆ! ಆ ಬಾಯಲ್ಲಿ ಆ ಪದ ಹಳಸಿದ ಸಾರಿನ ಹಾಗೆ ನಾರುತ್ತಿತ್ತು. ಅಂದೇ ಸಂಜೆ ಜೈನ ಹುಡುಗಿಯ ಅಜ್ಜಿಯನ್ನು ಹೋಗಿ ಕೇಳಿದೆ. ಆಕೆ ನನ್ನನ್ನೇ ವಿಚಿತ್ರವಾಗಿ ನೋಡಿದರು.

"ನಮ್ಮ ಹುಡುಗಿ ತಾಟಿನ್ಯಾಗ ತತ್ತಿ ಹಾಕಬ್ಯಾಡ್ರಿ, ಅಷ್ಟ. ಬಾಜೂ ಯಾರ ಕುಂತರ ನಮಗೇನ್ರಿ?"

ಈ ಮಾತನ್ನು ಹೆಡ್‌ಮಾಸ್ತರರಿಗೆ ಮುಟ್ಟಿಸಿದರೆ, ಊರ ಉಸಾಬರಿ ನಿಮಗೇಕೆ ಎಂದರು. ನಾನು ತಾಲೂಕಿನ ಶಿಕ್ಷಣಾಧಿಕಾರಿ ಸಾಹೇಬರಿಗೆ ದೂರು ಕೊಟ್ಟೆ.

ಸಾಹೇಬರು ಬರುವ ಸುದ್ದಿ ಅವರಿಗಿಂತ ಮೊದಲೇ ಬಂತು. ಹಿಂದಿನ ಸಂಜೆ ಹೆಡ್‌ಮಾಸ್ತರರು ಅಡುಗೆಯವಳ ಕೈಲಿ ಚಿಮಣಿ ಎಣ್ಣೆ ಹಚ್ಚಿಸಿ, ಚುಕ್ಕಿಗಳನ್ನೆಲ್ಲ ತಿಕ್ಕಿಸಿ ತೆಗೆಸಿದರು. ಬೆಳಿಗ್ಗೆ ಗೋಡೆಯ ಮೇಲೆ ‘ನಾವೆಲ್ಲರೂ ಸಮಾನರು’ ಎಂಬ ಬ್ಯಾನರು, ಮಕ್ಕಳಿಂದ ಕೈ ಮುಂದೆ ಚಾಚಿ ಪ್ರತಿಜ್ಞೆ. ಸಾಹೇಬರು ತಾಟುಗಳನ್ನು ತಿರುವಿ ತಿರುವಿ ನೋಡಿ, ಎಲ್ಲಿದೆ ನಿಮ್ಮ ಚುಕ್ಕಿ ಎನ್ನುವ ಹಾಗೆ ನನ್ನ ಮುಖ ನೋಡಿದರು.

ಊಟದ ಗಂಟೆ ಹೊಡೆಯಿತು. ಮಕ್ಕಳು ತಾಟು ತೆಗೆದುಕೊಂಡು ಎಂದಿನಂತೆ ಎರಡು ತುದಿಗೆ ಹೋಗಿ ಕೂತವು. ಯಾರೂ ಏನೂ ಹೇಳಿರಲಿಲ್ಲ. ಹೆಡ್‌ಮಾಸ್ತರರ ಮುಖ ಅರಳಿತು.

"ನೋಡ್ರಿ ಸಾಹೇಬ್ರ, ತಮ್ಮ ಮನಸ್ಸಿಗೆ ಬಂದಲ್ಲಿ ಕುಂದ್ರತಾವು. ನಾವು ಏನೂ ಅನ್ನಂಗಿಲ್ಲ."

ಸಾಹೇಬರು ಮೆಚ್ಚಿ ತಲೆಯಾಡಿಸಿದರು. ಥೂ ಎಂದೆ ನಾನು. ಕೇಳಿಸಿದರೂ ಇಬ್ಬರೂ ಬ್ಯಾನರಿನ ಕಡೆ ತಿರುಗಿದರು.

ನಾನು ನಲ್ಲಿಯ ಹತ್ತಿರ ಹೋಗಿ ಆ ಹುಡುಗಿಯ ಪಕ್ಕ ಕೂತೆ. ಇನ್ನೊಂದು ತುದಿಯಿಂದ ಗೆಳತಿ ತನ್ನ ಪಕ್ಕದ ನೆಲ ತಟ್ಟಿ ತಟ್ಟಿ ಕರೆಯುತ್ತಿದ್ದಳು. ಚುಕ್ಕಿ ಹೋಗಿದೆ, ಇನ್ನು ಎಲ್ಲ ತಾಟೂ ಒಂದೇ, ಅವಳ ಹತ್ತಿರ ಹೋಗಿ ಕೂತುಕೋ ಎಂದೆ. ಹುಡುಗಿ ತಾಟಿನ ಅಂಚಿನಲ್ಲಿದ್ದ ನೆಗ್ಗಿನ ಮೇಲೆ ಬೆರಳಾಡಿಸಿದಳು.

"ಚುಕ್ಕಿ ಹೋದರೂ ಇದು ಈ ಕಡೀದ ತಾಟ ಐತ್ರಿ ಅಕ್ಕಾರ. ನನಗ ಗೊತ್ತೈತಿ."

ಅಂದು ಮೊಟ್ಟೆಯ ದಿನ. ಅವಳ ತಾಟಿನಲ್ಲಿ ಮತ್ತೆ ಕೇಳಿ ಪಡೆದ ಬಾಳೆಹಣ್ಣೇ ಇತ್ತು.